ಬೆನ್ನ ಹಿಂದಿನ ತಂಬೂರಿ

ಹದಿನೇಳು ವರ್ಷ ಹಿಂದುಸ್ತಾನಿ ಗಾಯಕಿ ನಮ್ಮ ಅಕ್ಕೋರ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತವಳು ನಾನು. ಧಾರವಾಡದ ಮಾಳಮಡ್ಡಿಯ ಅವರ ಮನೆಯ ಪಡಸಾಲೆಯಲ್ಲಿ, ಮಠದ ಅಂಗಳದಲ್ಲಿ, ಮದುವೆ ಮನೆಯ ಚಪ್ಪರದಲ್ಲಿ, ಒಮ್ಮೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ. ಎದುರು ಕೂತ ಜನ ಹಾಡುವವರ ಮುಖ ನೋಡುತ್ತಾರೆ. ನಾನು ನೋಡಿದ್ದು ಅವರ ತುರುಬು, ಇಳಕಲ್ ಸೀರೆಯ ಸೆರಗು, ತಾನ್ ತಗೊಳ್ಳುವ ಮೊದಲು ಕೂದಲೆಳೆಯಷ್ಟು ಮೇಲೇಳುವ ಎಡ ಹೆಗಲು.

ಆ ಜಾಗದಲ್ಲಿ ಕೇಳಿಸುವ ಹಾಡೂ ಬೇರೆ. ನನ್ನ ತಂಬೂರಿ ನನ್ನ ಕೆನ್ನೆಗೇ ತಾಗಿ ನುಡಿಯುತ್ತದೆ. ಎರಡನೆಯ ತಂಬೂರಿ ಆಚೆ ಬದಿಯಿಂದ ಅದಕ್ಕೆ ಬಂದು ಕೂಡುತ್ತದೆ. ಬಲಕ್ಕೆ ತಬಲಾ, ಎಡಕ್ಕೆ ಹಾರ್ಮೋನಿಯಂ. ಅಕ್ಕೋರ ದನಿ ಮುಂದಕ್ಕೆ ಹೋಗಿ, ಎದುರಿನ ಗೋಡೆಗೆ ತಾಗಿ, ಕೂತವರ ತಲೆ ಮೇಲಿಂದ ಹಾದು ನನ್ನ ಕಡೆ ತಿರುಗಿ ಬರುತ್ತದೆ. ಅದರ ಜೊತೆಗೇ ಬರುತ್ತದೆ ಯಾರದೋ ಒಂದು 'ಆಹಾ'. ಹಾಡು ನನ್ನ ಮುಂದೆ ಇರುತ್ತಿರಲಿಲ್ಲ. ನಾನು ಹಾಡಿನ ಒಳಗೆ ಇರುತ್ತಿದ್ದೆ.

ಅದೇ ಬೈಠಕ್ಕಿನ ಕ್ಯಾಸೆಟ್ಟನ್ನು ಮನೆಗೆ ತಂದು ಹಾಕಿದರೆ ತಬಲಾ, ಪೇಟಿ, ದನಿ, ತಂಬೂರಿ ಎಲ್ಲ ಒಂದೇ ಗೂಡಿನೊಳಗೆ ಒತ್ತಿಕೊಂಡು ಕೂತಂತೆ ಕೇಳುತ್ತಿತ್ತು. ತಂಬೂರಿಯಂತೂ ಹಿಂದೆಲ್ಲೋ ಗುಂಯ್ ಎನ್ನುವ ಹೊಗೆ. ಹದಿನೇಳು ವರ್ಷ ನುಡಿಸಿದ ನನಗೆ ಅದು ಸಂಕಟವಾಗುತ್ತಿತ್ತು. ನನ್ನ ಕೈಯ ಕೆಲಸ ಕೇಳಿಸುವುದಿಲ್ಲ ಎಂಬುದು ಆ ಸಂಕಟದಲ್ಲಿ ಸ್ವಲ್ಪವೇ. ಅಕ್ಕೋರು ಯಾವುದರ ಮೇಲೆ ನಿಂತು ಹಾಡುತ್ತಿದ್ದರೋ ಆ ನೆಲವೇ ರೆಕಾರ್ಡಿನಲ್ಲಿ ಇರಲಿಲ್ಲವಲ್ಲ ಎಂಬುದು ಹೆಚ್ಚಿನದು.

ಇದಕ್ಕೇ ನಾನು ಪ್ರತಿ ವರ್ಷ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯ ನಾಮನಿರ್ದೇಶನದ ಪಟ್ಟಿ ಬಂದಾಗ ಮೇಲಿನಿಂದ ಓದುವುದಿಲ್ಲ. ಈಚಿನ ವರ್ಷಗಳಲ್ಲಿ ಅದು ನವೆಂಬರಿನಲ್ಲಿ ಬರುತ್ತದೆ, ನಮ್ಮಲ್ಲಿ ರಾತ್ರಿ ಆಗಿರುತ್ತದೆ. ತೊಂಬತ್ತಕ್ಕೂ ಹೆಚ್ಚು ವಿಭಾಗಗಳು. ವರ್ಷದ ಹಾಡು, ವರ್ಷದ ಆಲ್ಬಮ್ ಎಲ್ಲ ದಾಟಿ ಬೆರಳು ಕೆಳಗೆ ಎಳೆಯುತ್ತ ಹೋದರೆ, ತೀರ ಕೆಳಗೆ, ಒಂದು ವಿಭಾಗ ಸಿಗುತ್ತದೆ: ಅತ್ಯುತ್ತಮ ಇಮ್ಮರ್ಸಿವ್ ಆಡಿಯೋ ಆಲ್ಬಮ್, ಅಂದರೆ ದನಿ ಕೇಳುವವನ ಸುತ್ತಲಿಂದ ಬರುವ ಹಾಗೆ ಮಾಡಿದ ಆಲ್ಬಮ್. ಮೊದಲು ಇದರ ಹೆಸರು ಅತ್ಯುತ್ತಮ ಸರೌಂಡ್ ಸೌಂಡ್ ಆಲ್ಬಮ್ ಎಂದಿತ್ತು, 2019ರಲ್ಲಿ ಬದಲಾಯಿತು. ಐದು ಆಲ್ಬಮ್ಮುಗಳ ಹೆಸರು, ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಮಿಕ್ಸ್ ಮಾಡಿದವರು (ದನಿಗಳನ್ನು ಹದವಾಗಿ ಬೆರೆಸಿ ಕೂಡಿಸಿದವರು), ಮಾಸ್ಟರಿಂಗ್ ಮಾಡಿದವರು (ಅದಕ್ಕೆ ಕೊನೆಯ ಹದ ಕೊಟ್ಟವರು), ಆ ಮಿಕ್ಸಿನ ನಿರ್ಮಾಪಕರು. ಪ್ರಶಸ್ತಿ ಅವರಿಗೇ. ಹಾಡಿದವರು ಆ ಕೆಲಸದಲ್ಲೂ ಕೈ ಹಾಕಿದ್ದರೆ ಮಾತ್ರ ಅವರಿಗೂ ಬರುತ್ತದೆ. ಆಲ್ಬಮ್ಮಿನಲ್ಲಿ ಕನಿಷ್ಠ ನಾಲ್ಕು ಚಾನೆಲ್ಲುಗಳ, ಎಂದರೆ ಬೇರೆ ಬೇರೆ ಸ್ಪೀಕರಿಗೆ ಹೋಗುವ ನಾಲ್ಕು ದನಿಸಾಲುಗಳ, ಹೊಸ ಮಿಕ್ಸ್ ಇರಬೇಕು ಎಂಬುದು ನಿಯಮ. ಅಂದರೆ, ಕೇಳುವವನನ್ನು ಎಲ್ಲಿ ಕೂಡಿಸಬೇಕು ಎಂದು ತಲೆ ಕೆಡಿಸಿಕೊಂಡವರಿಗೆ ಸಲ್ಲುವ ಮರ್ಯಾದೆ ಇದು. ಹಿಂದೆ ಕೂತವಳಿಗೆ ಈ ಪಟ್ಟಿ ತನ್ನದು ಅನಿಸಿದ್ದರಲ್ಲಿ ಆಶ್ಚರ್ಯ ಏನಿದೆ?

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಂಗೀತ ಸಂಯೋಜಕ ರಿಕ್ಕಿ ಕೇಜ್ ಅವರಿಗೆ ಮೂರನೆಯ ಗ್ರ್ಯಾಮಿ ಬಂತು ಎಂದು ನಮ್ಮ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ನಮ್ಮ ಓಣಿಯಲ್ಲೂ ಮಾತಾಯಿತು. ಯಾವ ವಿಭಾಗದಲ್ಲಿ ಬಂತು ಎಂದು ಕೇಳಿದವರು ಕಡಿಮೆ. 'ಡಿವೈನ್ ಟೈಡ್ಸ್' ಎಂಬ ಅದೇ ಆಲ್ಬಮ್ಮಿಗೆ ಹಿಂದಿನ ವರ್ಷ ನ್ಯೂ ಏಜ್ ವಿಭಾಗದಲ್ಲಿ ಬಂದಿತ್ತು. ಈ ಸಲ ಬಂದದ್ದು ಇದೇ ಇಮ್ಮರ್ಸಿವ್ ವಿಭಾಗದಲ್ಲಿ. ಮಿಕ್ಸ್ ಮಾಡಿದ ಎರಿಕ್ ಶಿಲ್ಲಿಂಗ್, ನಿರ್ಮಾಪಕರಾಗಿ ಸ್ಟುವರ್ಟ್ ಕೋಪ್‌ಲ್ಯಾಂಡ್, ರಿಕ್ಕಿ ಕೇಜ್, ಹರ್ಬರ್ಟ್ ವಾಲ್ಟ್ಲ್. ಒಂದೇ ಸಂಗೀತಕ್ಕೆ ಒಂದು ವರ್ಷ ಸಂಗೀತವೆಂದು, ಮರುವರ್ಷ ಅದನ್ನು ಕೋಣೆ ತುಂಬ ಹರಡಿದ ಬಗೆಗೆಂದು ಪ್ರಶಸ್ತಿ. ಹೀಗೆ ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡುವ ಕಣ್ಣು ನಮ್ಮ ಕಡೆ ಇನ್ನೂ ಬರಬೇಕು. ಬೈಠಕ್ಕಿನ ವರದಿಯಲ್ಲಿ ಗಾಯಕರು, ತಬಲಾ, ಹಾರ್ಮೋನಿಯಂ, ಕೊನೆಗೆ ತಂಬೂರಿ ಸಾಥ್ ಎಂದು ನಮ್ಮ ಹೆಸರೂ ಬರುತ್ತದೆ, ಅದಕ್ಕೆ ಋಣಿ. ಮೈಕು ಇಟ್ಟವರ ಹೆಸರು ನಾನು ಒಮ್ಮೆಯೂ ಓದಿಲ್ಲ.

ಈ ವಿಭಾಗ ಶುರುವಾದದ್ದು 2005ರಲ್ಲಿ. ಮೊದಲ ಪ್ರಶಸ್ತಿ ರೇ ಚಾರ್ಲ್ಸ್ ಅವರ 'ಜೀನಿಯಸ್ ಲವ್ಸ್ ಕಂಪನಿ' ಆಲ್ಬಮ್ಮಿಗೆ. ಅದು ಹೊರಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಇಪ್ಪತ್ತು ವರ್ಷದ ಮೇಲೆ, 2025ರ ಪಟ್ಟಿಯಲ್ಲಿ ಅದೇ ಆಲ್ಬಮ್ ಮತ್ತೆ ನಾಮನಿರ್ದೇಶನಗೊಂಡಿತ್ತು. ಈ ಸಲ ಬೇರೆ ಜನ ಕೂತು ಡಾಲ್ಬಿ ಆಟ್ಮಾಸ್ ಎಂಬ, ದನಿಯನ್ನು ಸುತ್ತಲೂ ಕೂಡಿಸುವ ಪದ್ಧತಿಗೆಂದು ಹೊಸದಾಗಿ ಮಿಕ್ಸ್ ಮಾಡಿದ್ದು. ಆ ವರ್ಷ ಗೆದ್ದದ್ದು ಪೀಟರ್ ಗೇಬ್ರಿಯಲ್ ಅವರ 'ಐ/ಓ', ಮಿಕ್ಸ್ ಮಾಡಿದವರು ಹಾನ್ಸ್ ಮಾರ್ಟಿನ್ ಬಫ್. ನನಗೆ ಗೆದ್ದದ್ದಕ್ಕಿಂತ ಆ ಹಳೆಯ ಹೆಸರು ಮರಳಿ ಬಂದದ್ದೇ ಮನಸ್ಸಿನಲ್ಲಿ ಉಳಿಯಿತು. ಹಾಡಿದವರು ಹೋದರು, ಹಾಡಿದಾಗ ಪ್ರತಿಯೊಂದು ದನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಜೋಪಾನ ಮಾಡಿದ್ದರಿಂದ ಎರಡು ದಶಕದ ಮೇಲೂ ಅವರನ್ನು ಹೊಸ ಕೋಣೆಯಲ್ಲಿ ಕೂಡಿಸಲು ಬಂತು.

ನಮ್ಮಲ್ಲಿ? ಆಕಾಶವಾಣಿ ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರು ರೇಡಿಯೋದಲ್ಲಿ ಹಾಡಿದ್ದನ್ನು ಕೇಳುತ್ತ ಈ ಊರಿನ ಎಷ್ಟು ಮನೆಗಳಲ್ಲಿ ಬೆಳಗಾಗಿದೆ! ನಾನು ಕೇಳಿದ ಆ ಹಳೆಯ ಟೇಪುಗಳೆಲ್ಲ ಒಂದೇ ಚಾನೆಲ್ಲಿನವು. ಬೆರೆತ ದನಿಗಳನ್ನು ಕಂಪ್ಯೂಟರಿನಿಂದ ಬೇರ್ಪಡಿಸುವ ಉಪಾಯ ಈಗ ಬಂದಿದೆ, ನನ್ನ ತಮ್ಮ ಒಂದೆರಡು ಸಲ ಮಾಡಿಯೂ ತೋರಿಸಿದ. ದನಿಯಿಂದ ತಂಬೂರಿಯನ್ನು ಸುಲಿದು ತೆಗೆದಾಗ ದನಿಯ ತೊಗಲೂ ಸ್ವಲ್ಪ ಕಿತ್ತು ಬಂದಂತೆ ನನಗೆ ಕೇಳಿಸಿತು. ಇದ್ದದ್ದನ್ನು ಇದ್ದ ಹಾಗೇ ಇಟ್ಟುಕೊಳ್ಳೋಣ ಎಂದೆ.

ತಮ್ಮನ ವಿಷಯ ಹೇಳಲೇಬೇಕು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಒಂದು ಓಣಿಯಲ್ಲಿ ಅವನ ಆಂಪ್ಲಿಫೈಯರ್ ಮತ್ತು ಸ್ಪೀಕರ್ ರಿಪೇರಿ ಅಂಗಡಿ. ಹರಿದ ಕೋನ್ ಬದಲಿಸುವುದು, ಸುಟ್ಟ ವಾಯ್ಸ್ ಕಾಯಿಲ್ ಸುತ್ತುವುದು. ಗಣಪತಿ ಹಬ್ಬ ಮುಗಿದ ವಾರ ಅವನ ಅಂಗಡಿಯೊಳಗೆ ಕಾಲಿಡಲು ಜಾಗ ಇರುವುದಿಲ್ಲ, ಸುಟ್ಟ ಬಾಸ್ ಸ್ಪೀಕರುಗಳ ರಾಶಿ. ಅಂಗಡಿಯ ಮೇಲೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಖೋಲಿ. ಅಲ್ಲೇ ನಾವಿಬ್ಬರೂ ಸೇರಿ 5.1 ಕೂಡಿಸಿದ್ದು. ಮುಂದೆ ನಡುವೆ ಒಂದು, ಅದರ ಎಡಬಲಕ್ಕೆ ಮೂವತ್ತು ಮೂವತ್ತು ಡಿಗ್ರಿಗೆ ಒಂದೊಂದು, ಹಿಂದೆ ಎರಡು ಬದಿಗೆ ನೂರಾ ಹತ್ತು ಡಿಗ್ರಿಗೆ ಒಂದೊಂದು. ಆ 'ಪಾಯಿಂಟ್ ಒಂದು' ಅನ್ನುವುದು ತಗ್ಗು ದನಿಯ ಸಬ್ ವೂಫರ್. ಐದೂ ಸ್ಪೀಕರುಗಳು ಕೇಳುವವರ ತಲೆಯಿಂದ ಒಂದೇ ಅಳತೆ ದೂರ ಇರಬೇಕು. ಕುರ್ಚಿಯ ಬೆನ್ನಿಗೆ ನೂಲಿನ ದಾರ ಕಟ್ಟಿ, ರಂಗೋಲಿಯ ವರ್ತುಲ ಎಳೆದ ಹಾಗೆ ಸುತ್ತ ತಿರುಗಿ ಗುರುತು ಹಾಕಿದೆವು. ಸ್ಲ್ಯಾಬಿನ ಮನೆ, ದನಿ ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುತ್ತಿತ್ತು. ಅವ್ವ ಹೊಲಿದಿಟ್ಟ ಕೌದಿಗಳನ್ನು ಪೆಟ್ಟಿಗೆಯಿಂದ ತೆಗೆದು ಮೂರು ಗೋಡೆಗೆ ತೂಗುಹಾಕಿದೆವು. ಹಳೆ ಸೀರೆ, ಹಳೆ ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ದನಿಯನ್ನು ಎಷ್ಟು ಚೆಂದ ಹೀರಿಕೊಳ್ಳುತ್ತದೆ ಎಂದರೆ, ಅವತ್ತು ಖೋಲಿಯಲ್ಲಿ ಚಪ್ಪಾಳೆ ಹೊಡೆದು ನೋಡಿದ ತಮ್ಮ ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟ. ಅವ್ವ ಹೋಗಿ ಆಗ ನಾಲ್ಕು ವರ್ಷ.

ಮೊದಲ ವಾರ ಮಾತ್ರ ಏನೋ ಸರಿ ಇರಲಿಲ್ಲ. ಹಿಂದಿನ ದನಿಗೆ ಹೊಟ್ಟೆಯೇ ಇಲ್ಲದಂತೆ, ತಲೆಯ ಹಿಂದೆ ಒಂದು ತೂತು ಬಿದ್ದಂತೆ ಕೇಳುತ್ತಿತ್ತು. ದನಿಯನ್ನು ಸ್ಪೀಕರುಗಳಿಗೆ ಹಂಚುವ ರಿಸೀವರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದೆವು, ಸ್ಪೀಕರುಗಳೂ ಒಂದು ಅಂಗಡಿಯಿಂದ ಹಳೆಯವೇ. ಕೊಟ್ಟವರು ಒಳಗಿನ ತಂತಿ ಎಲ್ಲ ತಾವೇ ಹೊಸದಾಗಿ ಹಾಕಿದ್ದೇವೆ ಎಂದಿದ್ದರು. ನಾನು ಮಿಕ್ಸೇ ಹೀಗಿರಬೇಕು ಅಂದುಕೊಂಡು ಒಂದು ವಾರ ಒಳ್ಳೆಯ ಡಿಸ್ಕುಗಳನ್ನು ಬೈದುಕೊಂಡೆ. ಕೊನೆಗೆ ತಮ್ಮ ಗಡಿಯಾರದ ಸೆಲ್ ಒಂದು ತಂದ. ಒಂದೂವರೆ ವೋಲ್ಟಿನದು. ಸ್ಪೀಕರಿನ ಕೆಂಪಿಗೆ ಸೆಲ್ಲಿನ ಪ್ಲಸ್, ಕಪ್ಪಿಗೆ ಮೈನಸ್ ಮುಟ್ಟಿಸಿದರೆ ಕೋನ್ ಟಕ್ ಎಂದು ಹೊರಗೆ ಜಿಗಿಯಬೇಕು. ನಾಲ್ಕು ಜಿಗಿದವು. ಹಿಂದಿನ ಎಡಗಡೆಯದು ಒಳಗೆ ಸರಿಯಿತು.

"ನೋಡಕ್ಕಾ," ಅಂದ, "ಎಲ್ಲಾರೂ ಉಸರು ಬಿಡೂ ಹೊತ್ತಿನ್ಯಾಗ ಇವ ಒಬ್ಬ ಉಸರು ಎಳಕೊಳ್ಳಾಕತ್ಯಾನ."

ಒಳಗಿನ ಎರಡು ತಂತಿ ಅದಲು ಬದಲು ಮಾಡಿ ಬೆಸುಗೆ ಹಾಕಿದ ಮೇಲೆ ಹಿಂದಿನ ಗೋಡೆ ತುಂಬಿಕೊಂಡಿತು.

ಅವತ್ತು ಸಂಜೆ ಕೇಳಿದ್ದು 'ಲಕ್ಸ್'. ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಸೋದರತ್ತೆಯ ಮೊಮ್ಮಗಳು ಬರುವಾಗ ತಂದುಕೊಟ್ಟ ಡಿಸ್ಕು. ನಾರ್ವೆ ದೇಶದ ಟ್ರೋಂಡ್‌ಹೈಮ್ ಊರಿನ ತಂತಿವಾದ್ಯ ತಂಡ, ಜೊತೆಗೆ ಅದೇ ಊರಿನ ನಿದಾರೋಸ್ ಕೆಥೆಡ್ರಲ್ಲಿನ ಹುಡುಗಿಯರ ಗಾಯನವೃಂದ. ರೆಕಾರ್ಡ್ ಮಾಡಿದವರು ಮೋರ್ಟನ್ ಲಿಂಡ್‌ಬರ್ಗ್. 2020ರಲ್ಲಿ ಅವರಿಗೆ ಈ ವಿಭಾಗದ ಪ್ರಶಸ್ತಿ ಬಂದದ್ದು ಇದಕ್ಕೇ. ಅದಕ್ಕೂ ಮೊದಲು ಬೇರೆ ಬೇರೆ ವಿಭಾಗ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಲ ನಾಮನಿರ್ದೇಶನವಾಗಿ ಬರಿಗೈಯಲ್ಲಿ ಮರಳಿದವರು ಅವರು. ಬೇರೆಯವರಾಗಿದ್ದರೆ ಬೇಸತ್ತು ಬಿಡುತ್ತಿದ್ದರೇನೋ. ಅವರು ತಮ್ಮ '2ಎಲ್' ಎಂಬ ಸಣ್ಣ ಸಂಸ್ಥೆ ಕಟ್ಟಿಕೊಂಡು ಚರ್ಚಿನಿಂದ ಚರ್ಚಿಗೆ ಮೈಕು ಹೊತ್ತುಕೊಂಡು ತಿರುಗುತ್ತಲೇ ಇದ್ದರು.

ಅವರ ಪದ್ಧತಿ ನನಗೆ ತುಂಬ ಹಿಡಿಸಿದ್ದು. ವೇದಿಕೆಯ ಎದುರು ಮೈಕು ಇಡುವುದಿಲ್ಲ. ಚರ್ಚಿನ ನಡುವೆ ಮೈಕುಗಳ ಒಂದು ಗೊಂಚಲು ನಿಲ್ಲಿಸಿ, ಹಾಡುವವರನ್ನೂ ನುಡಿಸುವವರನ್ನೂ ಅದರ ಸುತ್ತ ವರ್ತುಲವಾಗಿ ಕೂಡಿಸುತ್ತಾರೆ. ಯಾರದು ಜೋರು, ಯಾರದು ಮೆಲ್ಲಗೆ ಎಂಬುದನ್ನು ಆಮೇಲೆ ಯಂತ್ರದಲ್ಲಿ ತಿರುವುವುದಕ್ಕಿಂತ, ಒಬ್ಬರನ್ನು ಎರಡು ಹೆಜ್ಜೆ ಹಿಂದೆ, ಇನ್ನೊಬ್ಬರನ್ನು ಒಂದು ಹೆಜ್ಜೆ ಮುಂದೆ ಕರೆದು ಅಲ್ಲೇ ಸರಿ ಮಾಡುತ್ತಾರೆ. ನಮ್ಮ ಅಕ್ಕೋರು ಮಾಡುತ್ತಿದ್ದುದೂ ಇದೇ ಅಲ್ಲವೇ? ಹಾಡು ಶುರು ಮಾಡುವ ಮೊದಲು ತಬಲಾದವರಿಗೆ "ಒಂಚೂರು ಆ ಕಡೆ ಸರೀರಿ", ನನಗೆ "ನೀ ಮುಂದ ಬಾರವಾ, ಷಡ್ಜ ನನ್ನ ಬೆನ್ನಿಗೆ ತಾಗಬೇಕು." ಮಿಕ್ಸಿಂಗ್ ಎಂದರೆ ಅದೇ, ಜಮಖಾನೆಯ ಮೇಲೆ.

ಇನ್ನೊಂದು ಮಾತು. ಟ್ರೋಂಡ್‌ಹೈಮಿನ ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಹುಬ್ಬಳ್ಳಿ-ಧಾರವಾಡ 2011ರ ಜನಗಣತಿಯಲ್ಲೇ 9 ಲಕ್ಷ ದಾಟಿತ್ತು. ಒಂದು ಊರು ತನ್ನ ಹುಡುಗಿಯರ ದನಿಯನ್ನು ತನ್ನ ಗುಡಿಯ ಗೋಡೆಗಳ ಸಮೇತ ಲೋಕಕ್ಕೆ ಕೇಳಿಸಬಹುದಾದರೆ, ಕುಂದಗೋಳದ ವಾಡೆಯನ್ನು ಅದರ ಕಂಬ, ತೊಲೆಗಳ ಸಮೇತ ಕೇಳಿಸಲು ನಮಗೇನು ಅಡ್ಡಿ? ಸವಾಯಿ ಗಂಧರ್ವರು ಹಾಡಿದ ಜಾಗ ಅದು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಅವರ ಹತ್ತಿರ ಕಲಿಯಲು ಹೋಗುತ್ತಿದ್ದ ಊರು. ಅಲ್ಲಿ ತಂಬೂರಿ ಹಿಡಿದು ಕೂತ ರಾತ್ರಿ ನನಗೆ ನೆನಪಿರುವುದು ರಾಗಕ್ಕಿಂತ ಹೆಚ್ಚಾಗಿ ಕಟ್ಟಿಗೆಯ ಮಾಡು. ಕಟ್ಟಿಗೆ ದನಿಯನ್ನು ಕಲ್ಲಿನಂತೆ ಎಸೆಯುವುದಿಲ್ಲ, ಸ್ವಲ್ಪ ಹೊತ್ತು ಇಟ್ಟುಕೊಂಡು ಮೆತ್ತಗೆ ಮಾಡಿ ಕೊಡುತ್ತದೆ. ಈ ಮಾತು ಬರೆದರೆ ತಿಳಿಯುವುದಿಲ್ಲ, ಕೇಳಿಸಬೇಕು.

ಸರೌಂಡ್ ಎಂದು ಬಂದದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಗಿಟಾರನ್ನು ಎಡಗಿವಿಯಿಂದ ಹಿಂದೆ, ಹಿಂದಿನಿಂದ ಬಲಕ್ಕೆ ಜಾತ್ರೆಯ ತೊಟ್ಟಿಲಿನ ಹಾಗೆ ತಿರುಗಿಸುವ ಮಿಕ್ಸುಗಳನ್ನು ಕೇಳಿ ತಲೆಸುತ್ತು ಬಂದಿದೆ. ಯಾಕೆ ತಿರುಗಬೇಕು ಎಂಬುದಕ್ಕೆ ಹಾಡಿನೊಳಗೆ ಕಾರಣ ಇರಬೇಕು. ಒಳ್ಳೆಯವರ ಹೆಸರುಗಳನ್ನು ನಾನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಎಲಿಯಟ್ ಶೈನರ್, ಡೊನಾಲ್ಡ್ ಫೇಗನ್ ಅವರ ಆಲ್ಬಮ್ಮಿಗೆ 2007ರಲ್ಲಿ, ಬಿಯಾನ್ಸೆಯ ಆಲ್ಬಮ್ಮಿಗೆ 2015ರಲ್ಲಿ ಗೆದ್ದವರು. ಡಾರ್ಸಿ ಪ್ರಾಪರ್, ಮಾಸ್ಟರಿಂಗ್ ಮಾಡುವ ಹೆಣ್ಣುಮಗಳು, 2007, 2013, 2018 ಮೂರು ಸಲ. ಅಮೆರಿಕದ ಸೇನೆಯ ಸಂಗೀತ ತಂಡದ ಆಲ್ಬಮ್ಮನ್ನು ಮಿಕ್ಸ್ ಮಾಡಿದ ಲೆಸ್ಲಿ ಆನ್ ಜೋನ್ಸ್. ನಾನು ಮೊದಲ ಸಲ ಒಂದು ರೆಕಾರ್ಡಿಂಗ್ ಖೋಲಿಗೆ ಹೋಗಿ ಮೈಕು ಮುಟ್ಟಿದಾಗ "ನೀವು ಹಾಡೋರು, ಅದನ್ನ ನಮಗ ಬಿಡ್ರಿ" ಎಂದಿದ್ದರು. ಆ ಹೆಸರುಗಳನ್ನು ಬರೆದಿಟ್ಟುಕೊಂಡದ್ದು ಅದಕ್ಕೇ. ಅಲನ್ ಪಾರ್ಸನ್ಸ್ ಹೆಸರೂ ಇದೆ. 1973ರಲ್ಲಿ ಪಿಂಕ್ ಫ್ಲಾಯ್ಡ್ ತಂಡಕ್ಕೆ ದನಿ ಹಿಡಿದ ಎಂಜಿನಿಯರ್, ಅಂದಿನಿಂದ ಪಟ್ಟಿಯಲ್ಲಿ ಹೆಸರು ಬಂದು ಬಂದು ಹೋಗಿ, ಕೊನೆಗೆ ಮೊದಲ ಗ್ರ್ಯಾಮಿ ಕೈಗೆ ಬಂದದ್ದು 2019ರಲ್ಲಿ, ಎಪ್ಪತ್ತರ ವಯಸ್ಸಿಗೆ, ಇದೇ ವಿಭಾಗದಲ್ಲಿ.

ಈ ವಿಭಾಗದ ಒಂದು ಸಂಗತಿ ನನಗೆ ಬಹಳ ಆಪ್ತ. 2021ರಲ್ಲಿ ಉಳಿದ ಪ್ರಶಸ್ತಿಗಳೆಲ್ಲ ಆದವು, ಇದು ಮಾತ್ರ ಆಗಲಿಲ್ಲ. ಕೋವಿಡ್ಡಿನಿಂದಾಗಿ ತೀರ್ಪುಗಾರರ ಸಮಿತಿ ಒಟ್ಟಿಗೆ ಸೇರಲು ಬರಲಿಲ್ಲ. ಬೇರೆ ಹಾಡುಗಳನ್ನು ಮನೆಮನೆಯಲ್ಲಿ ಕೂತು ಕೇಳಿ ಮತ ಹಾಕಬಹುದು. ಇದಕ್ಕೆ ಸರಿಯಾಗಿ ಸ್ಪೀಕರ್ ಕೂಡಿಸಿದ ಖೋಲಿ ಬೇಕು, ಜನ ಅಲ್ಲಿಗೆ ಬಂದು ಕೂಡಬೇಕು. ಹಾಗಾಗಿ ಆ ವರ್ಷದ್ದನ್ನು ತಡೆಹಿಡಿದು 2022ರಲ್ಲಿ ಎರಡೂ ವರ್ಷದ್ದು ಸೇರಿಸಿ ಕೊಟ್ಟರು. ಒಂದೇ ಖೋಲಿಯಲ್ಲಿ ಕೂಡಿ ಕೂತು ಕೇಳದೆ ತೀರ್ಮಾನ ಆಗದ ಸಂಗೀತ. ನಮ್ಮ ಬೈಠಕ್ಕಿಗೆ ಇದಕ್ಕಿಂತ ಹತ್ತಿರದ ನಂಟು ಇನ್ನಾವುದಿದೆ?

ಅಕ್ಕೋರ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ.

"ಭೀಮಸೇನ ಜೋಶಿಯವರು ಏನು ಕೇಳಿ ಮನಿ ಬಿಟ್ರು?" ಎಂದರು. "ಗದಗಿನ್ಯಾಗ ಅಂಗಡಿ ಮುಂದ ನಿಂತು ಅಬ್ದುಲ್ ಕರೀಂ ಖಾನರ ತಬಕಡಿ ಕೇಳಿ. ಒಂದ ತುತ್ತೂರಿ. ಐದು ಇದ್ದಿದ್ದಿಲ್ಲ."

ಈ ಮಾತಿಗೆ ನನ್ನ ಹತ್ತಿರ ಅವತ್ತು ಉತ್ತರ ಇರಲಿಲ್ಲ. ನಿಜ, ಮೂರು ನಿಮಿಷದ ಕರಕರ ಸದ್ದಿನ ತಟ್ಟೆ ಸಾಕಾಗಿತ್ತು ಒಬ್ಬ ಹುಡುಗ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಹೊರಡಲು. ಆಮೇಲೆ ಯೋಚಿಸಿದೆ. ತಟ್ಟೆ ಅವರನ್ನು ಮನೆಯಿಂದ ಹೊರಡಿಸಿತು, ಆದರೆ ಅಲ್ಲೇ ನಿಲ್ಲಿಸಲಿಲ್ಲ. ಅವರು ಕೊನೆಗೆ ಬಂದು ಕೂತದ್ದು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಎದುರು, ತಂಬೂರಿ ನುಡಿಯುವ ಖೋಲಿಯೊಳಗೆ. ತುತ್ತೂರಿಯಿಂದ ಆ ಖೋಲಿಗೆ ಹೋಗಬೇಕಾದ ದಾರಿ ಅವರಿಗೆ ಸಿಕ್ಕಿತು. ಇಂದು ಹಾವೇರಿಯ ಹಳ್ಳಿಯಲ್ಲೋ ರೋಣದಲ್ಲೋ ಮೊಬೈಲಿನಲ್ಲಿ ಖಯಾಲ್ ಕೇಳುವ ಮಗುವಿಗೆ ಆ ಖೋಲಿ ಎಲ್ಲಿದೆ? ಗುರುಗಳೇ ಹೋಗುತ್ತಿದ್ದಾರೆ. ಆ ಖೋಲಿಯನ್ನಾದರೂ ಅದರ ಅಳತೆಯಲ್ಲಿ, ಅದರ ಗೋಡೆ ಸಮೇತ ಉಳಿಸಿಕೊಡಬೇಕಲ್ಲ.

ಅಕ್ಕೋರಿಗೆ ಈಗ 79. ಹಾಡು ನಿಲ್ಲಿಸಿ ಆರು ವರ್ಷವಾಯಿತು, ಉಸಿರು ಹಿಡಿದು ನಿಲ್ಲಿಸಲು ಆಗುವುದಿಲ್ಲ. ನಾನು ಕೂತ ಜಾಗದಲ್ಲಿ ಅವರ ದನಿ ಹೇಗೆ ಕೇಳುತ್ತಿತ್ತು ಎಂಬುದು ಈಗ ನನ್ನ ಕಿವಿಯೊಳಗೆ ಬಿಟ್ಟರೆ ಎಲ್ಲಿಯೂ ಇಲ್ಲ. ನಾನು ಬೇಗ ಏಳಬೇಕಿತ್ತು. ಏಳಲಿಲ್ಲ.

ಹಾಗಾಗಿ ಉಳಿದವರನ್ನಾದರೂ ಹಿಡಿಯೋಣ ಎಂದು ಈ ಬೇಸಿಗೆಯಲ್ಲಿ ಒಂದು ರವಿವಾರ ಮುಂಜಾನೆ ಅಕ್ಕೋರ ಹಿರಿಯ ಶಿಷ್ಯರೊಬ್ಬರನ್ನು ನಮ್ಮ ಮನೆಯ ಮಹಡಿಗೆ ಕರೆದೆ. ಐದು ಮೈಕು, ಗೆಳೆಯರಿಂದ ತಂದ ಎಂಟು ಚಾನೆಲ್ಲಿನ ರೆಕಾರ್ಡಿಂಗ್ ಪೆಟ್ಟಿಗೆ. ಲಿಂಡ್‌ಬರ್ಗ್ ಅವರಂತೆಯೇ ನಡುವೆ ಮೈಕು, ಸುತ್ತ ನಾವು. ಎದುರು ಗಾಯಕರು, ಅವರ ಎರಡು ಪಕ್ಕಕ್ಕೆ ತಬಲಾ ಮತ್ತು ಪೇಟಿ, ಮೈಕುಗಳ ಹಿಂದೆ ಬಲಕ್ಕೆ ನಾನು, ಎಡಕ್ಕೆ ನನ್ನ ಶಿಷ್ಯೆ, ಇಬ್ಬರ ಕೈಯಲ್ಲೂ ತಂಬೂರಿ. ರಾಗ ಜೌನಪುರಿ. ಆಲಾಪ ಶುರು ಮಾಡಿ ಎರಡು ನಿಮಿಷಕ್ಕೆ ಅವರು ನಿಲ್ಲಿಸಿದರು.

"ತಂಬೂರಿ ದೂರ ಆತ್ರಿ," ಎಂದರು. "ಬೆನ್ನಿಗೆ ಯಾರೂ ಇಲ್ಲದಂಗ ಆಗಾಕತ್ತೈತಿ. ಎಲ್ಲಿ ಒರಗಬೇಕು ನಾ?"

ಎಲ್ಲರೂ ಸುಮ್ಮನಾದೆವು. ಕೇಳುವವನ ಸುತ್ತ ದನಿ ಕೂಡಿಸಲು ಹೋಗಿ ಹಾಡುವವನ ಬೆನ್ನು ಬರಿದು ಮಾಡಿದ್ದೆ. ಚರ್ಚಿನ ಹುಡುಗಿಯರಿಗೆ ಸರಿಹೋದದ್ದು ನಮಗೆ ಹಾಗೇ ಸರಿಹೋಗುವುದಿಲ್ಲ, ಅವರ ಹಾಡಿಗೆ ತಂಬೂರಿ ಇಲ್ಲ. ಮೈಕುಗಳನ್ನು ಎತ್ತಿ, ಹಳೆಯ ಪದ್ಧತಿಯಂತೆಯೇ ಕೂತೆವು: ಮುಂದೆ ಅವರು, ಹಿಂದೆ ನಾವಿಬ್ಬರು. ಮೈಕಿನ ಗೊಂಚಲನ್ನು ನಮ್ಮಿಬ್ಬರ ನಡುವೆ, ನಾನು ಹದಿನೇಳು ವರ್ಷ ಕೂತ ಎತ್ತರಕ್ಕೆ ಇಳಿಸಿದೆ. ಆದರೆ ಹಿಂದಿನಿಂದ ಕೇಳಿದರೆ ದನಿಯ ಅಕ್ಷರಗಳು ಮಸಕು, ಬಂದಿಶ್‌ನ ಮಾತು ಹಿಡಿಯುವುದಿಲ್ಲ. ಅದಕ್ಕೆ ನಡುವಿನ ಚಾನೆಲ್ಲಿಗೆಂದು ಒಂದು ಮೈಕನ್ನು ಬಿಡಿಸಿ ಅವರ ಮುಖದ ಮುಂದೆ ಇಟ್ಟೆ. ಇದು ಎಷ್ಟು ಸರಿ ಎಂದು ಈಗಲೂ ನನ್ನೊಳಗೆ ಜಗಳ ನಡೆದಿದೆ. ಅಂಥ ಜಾಗದಲ್ಲಿ ಕೂತು ಯಾರೂ ಹಾಡು ಕೇಳಿರಲಾರರು, ಮುಖವೂ ಬೆನ್ನೂ ಒಟ್ಟಿಗೆ. ಆದರೂ ಅವತ್ತು ಹಾಡು ಬಂತು. ಮೂವತ್ತೆಂಟು ನಿಮಿಷ. ನಡುವೆ ಪಕ್ಕದ ಮನೆಯ ಕುಕ್ಕರ್ ಎರಡು ಸೀಟಿ ಹಾಕಿತು, ಅದೂ ಹಿಂದಿನ ಬಲಗಡೆ ಚಾನೆಲ್ಲಿನಲ್ಲಿ ತನ್ನ ಜಾಗದಲ್ಲೇ ಇದೆ. ತೆಗೆದಿಲ್ಲ.

ಮಿಕ್ಸ್ ಮಾಡಲು ಮೂರು ವಾರ ಹಿಡಿಯಿತು. ಹಗಲು ಮಕ್ಕಳ ಕ್ಲಾಸು, ರಾತ್ರಿ ಹೆಡ್‌ಫೋನು. ಇಪ್ಪತ್ತು ಸಲವಾದರೂ ಕೇಳಿರಬೇಕು. ಆಮೇಲೆ ಅಕ್ಕೋರಿಗೆ ಕೇಳಿಸಬೇಕೆಂದು ತಮ್ಮ ಐದೂ ಸ್ಪೀಕರು, ರಿಸೀವರು, ಜೊತೆಗೆ ನಾಲ್ಕು ಕೌದಿ ಟಂಟಂನಲ್ಲಿ ಹೇರಿಕೊಂಡು ಹುಬ್ಬಳ್ಳಿಯಿಂದ ಮಾಳಮಡ್ಡಿಗೆ ತಂದ. ಪಡಸಾಲೆಯ ನಡುವೆ ಅವರ ಬೆತ್ತದ ಕುರ್ಚಿ. ಮತ್ತೆ ದಾರ ಹಿಡಿದು ಅಳತೆ. ಅಕ್ಕೋರು ಸೆರಗು ಹೊದ್ದು ಕೂತು, ನಾವು ವರ್ತುಲ ಹಾಕುವುದನ್ನು ನೋಡುತ್ತ, "ಏನವಾ, ನನ್ನ ಮಂಡಲದಾಗ ಕೂಡಿಸಾಕತ್ತೀಯೇನು?" ಎಂದರು.

ಹಚ್ಚಿದೆವು. ಮೊದಲು ತಂಬೂರಿಗಳು, ಅವರ ಬೆನ್ನ ಹಿಂದೆ, ಎರಡು ಬದಿಗೆ. ಬಹಳ ಹೊತ್ತು ಅವರು ಅಲುಗಲಿಲ್ಲ. ಮುಂದಿನಿಂದ ಷಡ್ಜ ಬಂದಾಗ ಅವರ ಬೆನ್ನು ಕುರ್ಚಿಯನ್ನು ಬಿಟ್ಟು ನೆಟ್ಟಗಾಯಿತು. ಬಲಗೈ ತೊಡೆಯ ಮೇಲೆ ತಾಳ ಹಿಡಿಯಿತು. ನಾನು ಅಭ್ಯಾಸದಂತೆ ಅವರ ಹಿಂದೆಯೇ ನಿಂತಿದ್ದೆ. ಎಡ ಹೆಗಲು ಕೂದಲೆಳೆಯಷ್ಟು ಮೇಲೇಳುವುದನ್ನು ಆರು ವರ್ಷದ ಮೇಲೆ ಅವತ್ತು ನೋಡಿದೆ. ಬಾಯಿ ತೆರೆಯಲಿಲ್ಲ, ಹೆಗಲು ಮಾತ್ರ ಎದ್ದಿತು.

ಸ್ವಲ್ಪ ಹೊತ್ತಿಗೆ ಕತ್ತು ಎಡಕ್ಕೆ ಹೊರಳಿಸಿ, ಹಿಂದೆ ಯಾರೋ ಕೂತಿದ್ದಾರೆ ಎಂಬಂತೆ ನೋಡಿದರು. ಅಲ್ಲಿ ಸ್ಪೀಕರು, ಅದರ ಕೆಳಗೆ ಅವ್ವನ ಕೌದಿ.

"ಎಡಗಡೆ ತಂಬೂರಿ ಯಾರದು?"

"ನಮ್ಮ ಹುಡುಗೀದ್ರಿ ಅಕ್ಕೋರ."

"ಪಂಚಮ ಇಳದದ. ಹೇಳು ಆಕಿಗೆ."

ಇಪ್ಪತ್ತು ಸಲ ಹೆಡ್‌ಫೋನಿನಲ್ಲಿ ಕೇಳಿದ ನನಗೆ ಅದು ಹತ್ತಿರಲಿಲ್ಲ. ತಮ್ಮ ಎಡ ಹಿಂದಿನ ಚಾನೆಲ್ ಒಂದನ್ನೇ ಹಾಕಿದ. ಇಳಿದಿತ್ತು, ಹನ್ನೊಂದನೆಯ ನಿಮಿಷದಿಂದ. ಮುಂಜಾನೆ ಬಿಸಿಲು ಮಹಡಿಗೆ ಏರಿದಾಗ ತಂತಿ ಸಡಿಲಿರಬೇಕು. ಬರುವ ರವಿವಾರ ಮತ್ತೆ ಕೂಡುತ್ತೇವೆ, ಈ ಸಲ ಇನ್ನೂ ಬೇಗ, ಆರು ಗಂಟೆಗೆ, ಬಿಸಿಲು ಬರುವ ಮೊದಲು. ಅಕ್ಕೋರು ತಾವೂ ಬರುತ್ತೇವೆ ಎಂದಿದ್ದಾರೆ. ಮಹಡಿಗೆ ಹದಿನಾಲ್ಕು ಮೆಟ್ಟಿಲು, ತಮ್ಮ ಕುರ್ಚಿ ಹಿಡಿಯುತ್ತಾನೆ.